ಮತ್ತಿಕೆರೆಯ ನಿಧಿ

ಬೆಂಗಳೂರಿನ ಮತ್ತಿಕೆರೆಯಲ್ಲಿ ನನ್ನ ಸೋದರಮಾವನ ಹಳೇ ಹೆಂಚಿನ ಮನೆ ಇತ್ತು. ಬೇಸಿಗೆಯಲ್ಲಿ ಅದನ್ನು ಕೆಡವಿದರು. ಪಾಯ ತೋಡಲು ಸೋಮವಾರ ಜನ ಬರುವವರಿದ್ದರು. ಭಾನುವಾರ ಮಾತ್ರ ಆ ತರ್ಟಿ-ಫಾರ್ಟಿ ಸೈಟು ಖಾಲಿ ಬಿದ್ದಿತ್ತು. ಅದೇ ವಾರ ಭಾವ ಇಂಗ್ಲೆಂಡಿನಿಂದ ಬಂದಿದ್ದರು, ಜೊತೆಗೊಂದು ಮೆಟಲ್ ಡಿಟೆಕ್ಟರ್.

ಮೆಟ್ರೊ ಸ್ಟೇಷನ್ನಿನಲ್ಲಿ ನಮ್ಮ ಮೈಮೇಲೆ ಆಡಿಸುತ್ತಾರಲ್ಲ, ಅದರ ದೊಡ್ಡಣ್ಣ ಇದು. ಉದ್ದ ಕೋಲು, ತುದಿಯಲ್ಲಿ ತಟ್ಟೆಯಂಥ ಕಾಯಿಲ್, ಹಿಡಿಯ ಹತ್ತಿರ ನಂಬರ್ ತೋರಿಸುವ ಪುಟ್ಟ ಪರದೆ. ಇಂಗ್ಲೆಂಡಿನಲ್ಲಿ ಹೊಲದ ಯಜಮಾನನನ್ನು ಕೇಳಿಕೊಂಡು ರಜೆ ದಿನ ಹೀಗೆ ಅಲೆಯುವವರು ತುಂಬಾ ಜನವಂತೆ. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಒಂದು ಹೊಲದಲ್ಲಿ ಹೀಗೆ ಅಲೆಯುತ್ತಿದ್ದವನಿಗೇ ರಾಶಿ ಚಿನ್ನ ಸಿಕ್ಕಿದ್ದು.

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಪಕ್ಕದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅಲ್ಲಿ ಸಿಕ್ಕಿದ್ದು ಇಲ್ಲಿ ಯಾಕೆ ಸಿಗಬಾರದು, ಅಲ್ವಾ?

ಕಾಯಿಲ್ ಕಾಂತಕ್ಷೇತ್ರ ಬಿಡುತ್ತದೆ. ನೆಲದೊಳಗಿನ ಲೋಹದಲ್ಲಿ ಆಗ ಸಣ್ಣ ಕರೆಂಟು ಹುಟ್ಟಿ, ಅದು ತನ್ನದೇ ಕ್ಷೇತ್ರವನ್ನು ವಾಪಸು ಕಳಿಸುತ್ತದೆ. ಅದೇ ಪೀಂ. ಆದರೆ ನಮ್ಮ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶ ಜಾಸ್ತಿ. ಆನ್ ಮಾಡಿದ ಕೂಡಲೇ ಹಟ ಹಿಡಿದ ಮಗುವಿನ ಹಾಗೆ ಅಳತೊಡಗಿತು. ಭಾವ ಅದನ್ನು ಆ ಮಣ್ಣಿಗೆ ಹೊಂದಿಸಿದರು. ಆಮೇಲೂ ಮೂಲೆಯ ಟ್ರಾನ್ಸ್‌ಫಾರ್ಮರ್ ಕಡೆ ಹೋದರೆ ಸುಮ್ನೆ ವಟಗುಟ್ಟುತ್ತಿತ್ತು. ಹನ್ನೊಂದಕ್ಕೆ ಕರೆಂಟು ಹೋಯಿತು. ಮೆಷಿನ್ ತಣ್ಣಗಾಯಿತು. ಬೆಂಗಳೂರಲ್ಲಿ ಕರೆಂಟು ಹೋಗಿದ್ದಕ್ಕೆ ನಾನು ಖುಷಿಪಟ್ಟಿದ್ದು ಅದೊಂದೇ ಸಲ.

"ಏನೋ ಅದು, ನೆಲಕ್ಕೆ ಇಸ್ತ್ರಿ ಹಾಕ್ತಿದೀಯ?" ಎಂದರು ಮಾವ.

ಮೊದಲು ಸಿಕ್ಕಿದ್ದು ಮೊಳೆ. ಎರಡನೆಯದೂ ಮೊಳೆ. ಆಮೇಲೆ ಸೋಡಾ ಬಾಟಲಿ ಮುಚ್ಚಳ, ಬೈಂಡಿಂಗ್ ವೈರ್, ಮಾತ್ರೆಯ ಸ್ಟ್ರಿಪ್ಪುಗಳು. ಆ ಸ್ಟ್ರಿಪ್ಪುಗಳನ್ನು ನೋಡಿದರೆ ಸಾಕು, ಮನೆಯವರ ಕಾಯಿಲೆಗಳ ಪಟ್ಟಿಯೇ ಹೇಳಬಹುದು. ಅಲ್ಯೂಮಿನಿಯಂ ಹಾಳೆಗೂ ಸಣ್ಣ ಚಿನ್ನದ ಉಂಗುರಕ್ಕೂ ಮೆಷಿನ್ ತೋರಿಸುವ ನಂಬರ್ ಹೆಚ್ಚುಕಡಿಮೆ ಒಂದೇ. ಹಾಳೆ ಬೇಡ ಎಂದರೆ ಉಂಗುರವೂ ಹೋಯಿತು. ಹಾಗಾಗಿ ಪ್ರತಿ ಸದ್ದಿಗೂ ಅಗೆಯಬೇಕು. ಅದೂ ನಾಣ್ಯದಂಥ ಸಣ್ಣ ವಸ್ತು ಒಂದು ಗೇಣಿನೊಳಗೆ ಇದ್ದರೆ ಮಾತ್ರ ಸಿಗುತ್ತದೆ.

ಸುಸ್ತಾಗಿ, ಕಬ್ಬಿಣಕ್ಕೆ ಮೆಷಿನ್ ಸದ್ದೇ ಮಾಡದ ಹಾಗೆ ಸೆಟ್ ಮಾಡಿದೆ. ಅಷ್ಟರಲ್ಲಿ ಮಾವನಿಗೇ ಹುಚ್ಚು ಹಿಡಿದಿತ್ತು. "ಆಗಲೇ ಇಲ್ಲಿ ಕೂಗ್ತಲ್ಲೋ, ಅಗಿ" ಎಂದರು. "ಕಬ್ಬಿಣ ಮಾವ, ಬಿಡಿ" ಎಂದೆ. ಕೇಳಲಿಲ್ಲ, ತಾವೇ ಗುದ್ದಲಿ ಹಿಡಿದರು. ತುಕ್ಕು ತಿಂದು ಹೋಗಿದ್ದ ಸಣ್ಣ ಬಾಗಿದ ಪಟ್ಟಿ ಬಂತು, ಅಂಚಿನಲ್ಲಿ ಮೊಳೆ ತೂತುಗಳು. ಮಾವ ಅದನ್ನು ಪಂಚೆಗೆ ಒರೆಸಿ ಒರೆಸಿ ನೋಡಿದರು.

"ಎತ್ತಿನ ಲಾಳ ಕಣೋ. ನಮ್ಮಪ್ಪ ಗಾಡಿ ಇಟ್ಟಿದ್ರಲ್ಲ, ಇಲ್ಲೇ ಕಟ್ತಿದ್ವಿ. ಕರಿಯ, ಬಿಳಿಯ ಅಂತ ಎರಡು."

ಆ ಮನೆಗೆ ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಅಲ್ಲಿ ಎತ್ತುಗಳಿದ್ದವು ಎಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮನೂ ಹೇಳಿರಲಿಲ್ಲ.

ಸಂಜೆ ಬಚ್ಚಲಿದ್ದ ಜಾಗದಲ್ಲಿ ಸದ್ದು ಸ್ಪಷ್ಟವಾಗಿ ಬಂತು, ನಂಬರ್ ಅಲುಗಾಡದೆ ನಿಂತಿತು. ಅರ್ಧ ಗೇಣು ಅಗೆದರೆ ದುಂಡಗೆ, ಹಳದಿಯಾಗಿ ಏನೋ ಮಿಂಚಿತು. ನನ್ನ ಎದೆ ಡವಡವ. ಕಮಲದ ಚಿತ್ರದ ಇಪ್ಪತ್ತು ಪೈಸೆ, 1970ರದ್ದು. ಅದು ಬರೀ ತಾಮ್ರದ ಮಿಶ್ರಲೋಹ. ಅದರಲ್ಲಿ ಚಿನ್ನ ಇದೆ ಎಂದು ಅತ್ತೆ ಇವತ್ತಿಗೂ ನಂಬಿದ್ದಾರೆ. ಹುಣಸೆಹಣ್ಣು ಹಾಕಿ ತಿಕ್ಕಿ, ವರಮಹಾಲಕ್ಷ್ಮಿಗೆ ಆಯಿತು ಎಂದು ಸೆರಗಿಗೆ ಕಟ್ಟಿಕೊಂಡರು.

ಅಷ್ಟು ಹೊತ್ತಿಗೆ ಕಾಂಪೌಂಡಿನಾಚೆ ಹದಿನೈದು ಜನ. ಒಬ್ಬರು ಅಮಾವಾಸ್ಯೆಗೆ ಮಾಡಬೇಕಿತ್ತು ಎಂದರು. ಇನ್ನೊಬ್ಬರು ಕೊಪ್ಪರಿಗೆ ಎಷ್ಟು ಆಳದಲ್ಲಿದೆ ಎಂದು ಕೇಳಿದರು. ನಿಧಿಯಾಸೆಗೆ ಹಳೇ ಗುಡಿಗಳ ಗರ್ಭಗುಡಿಯನ್ನೇ ಅಗೆದು ಹಾಕುವ ನಾಡು ನಮ್ಮದು. ಗುದ್ದಲಿ, ಮೆಷಿನ್ ಎರಡೂ ಒಟ್ಟಿಗೆ ಕಂಡರೆ ಯಾರು ಹವ್ಯಾಸ ಎಂದುಕೊಳ್ಳುತ್ತಾರೆ? ವಕೀಲಿಕೆ ಮಾಡುವ ಮಾವನ ಮಗಳು ಆಗಲೇ ಎಚ್ಚರಿಸಿದ್ದಳು: ಕರ್ನಾಟಕದ್ದೇ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಹುದುಗಿಸಿಟ್ಟ ಬೆಲೆಬಾಳುವಂಥದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು, ನಿಮ್ಮ ಸೈಟೇ ಆದರೂ. ಸ್ಮಾರಕಗಳ ಹತ್ತಿರವಂತೂ ಸುಳಿಯಲೇಬಾರದು. ಇಪ್ಪತ್ತು ಪೈಸೆಗೆ ಆ ಭಯವಿಲ್ಲ ಎಂದು ನಾನೇ ಗೇಟಿನ ಹತ್ತಿರ ಹೋಗಿ ಎಲ್ಲರಿಗೂ ವಿವರಿಸಿದೆ. ಯಾರೂ ನಂಬಿದ ಹಾಗೆ ಕಾಣಲಿಲ್ಲ.

ಲಾಳವನ್ನು ಮಾವ ಜೇಬಿಗೆ ಹಾಕಿಕೊಂಡರು. ಗುಂಡಿಗಳನ್ನೆಲ್ಲ ಮುಚ್ಚಿ, ಕತ್ತಲಾದ ಮೇಲೆ ಮನೆಗೆ ಬಂದೆವು.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಬಂದವನೇ ಇನ್ನೂ ಇಪ್ಪತ್ತು ಸಾವಿರ ಅಡ್ವಾನ್ಸ್ ಕೇಳಿದ. ಯಾಕಪ್ಪಾ ಎಂದರೆ ತಲೆ ಕೆರೆದುಕೊಂಡು, "ನಿಮ್ಗೇನು ಸ್ವಾಮಿ ಈಗ" ಎಂದ.