ಆಶಾ ಅಕ್ಕನ ಚೀಲ

ಹಾಸನದಲ್ಲಿ ಎರಡು ದಿನದಿಂದ ಜಡಿಮಳೆ. ಬೆಳಿಗ್ಗೆ ಆಶಾ ಕಾರ್ಯಕರ್ತೆ ಅಕ್ಕ ಬಂದು ಹಿತ್ತಲ ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡಿದರು. ಸೊಳ್ಳೆ ಲಾರ್ವಾ ಇತ್ತು. ಕೂಡಲೇ ನೀರು ಚೆಲ್ಲಿ, ತೆಂಗಿನ ನಾರಿನಿಂದ ಒಳಗೆಲ್ಲ ಉಜ್ಜಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಒಳಮೈಗೆ ಅಂಟಿಕೊಂಡಿರುತ್ತದೆ, ಸುಮ್ನೆ ನೀರು ಚೆಲ್ಲಿದರೆ ಸಾಲದು.

ಹೋದ ವರ್ಷ ಮಗಳಿಗೆ ಡೆಂಗಿ ಆಗಿತ್ತು. ಪ್ಲೇಟ್‌ಲೆಟ್ ರಿಪೋರ್ಟಿಗೆ ಕಾಯುತ್ತಾ ಕೂತ ರಾತ್ರಿಗಳನ್ನು ಇನ್ನೂ ಮರೆತಿಲ್ಲ.

ಸೊಳ್ಳೆಯಿಂದಲೇ ಹರಡುವ ವೆಸ್ಟ್ ನೈಲ್ ಅನ್ನುವ ವೈರಸ್ ಇದೆಯಾ ಅಂತ ಸೊಳ್ಳೆಯನ್ನೇ ಪರೀಕ್ಷಿಸುವ ಪಟ್ಟಿ (ಸ್ಟ್ರಿಪ್) ಬಂದಿದೆ. ಬಲೆಗೆ ಬಿದ್ದ ಸೊಳ್ಳೆಗಳನ್ನು, ಒಮ್ಮೆಗೆ 50ರವರೆಗೂ, ದ್ರಾವಣದಲ್ಲಿ ಅರೆದು ಪಟ್ಟಿ ಅದ್ದಬೇಕು. ವೈರಸ್ ಇದ್ದರೆ ಸುಮಾರು 15 ನಿಮಿಷದಲ್ಲಿ ಗೆರೆ ಮೂಡುತ್ತದೆ. ಕೋವಿಡ್ ಕಿಟ್ ಥರಾನೇ. ನಮಗೆ ಡೆಂಗಿ ಗೊತ್ತಾಗುವುದು ಯಾರಿಗಾದರೂ ಜ್ವರ ಬಂದ ಮೇಲೆ, ಅಲ್ವಾ? ಡೆಂಗಿಗೂ ಅಂಥದ್ದೊಂದು ಪಟ್ಟಿ ಅಕ್ಕನ ಚೀಲದಲ್ಲಿ ಇದ್ದಿದ್ದರೆ ಅನ್ನಿಸಿತು.