ಸಾಮೆ ಅಕ್ಕಿಯ ಪ್ರೆಸ್‌ಮೀಟ್

ಕ್ಲಯಂಟ್ ಕಳಿಸಿದ ಪ್ರೆಸ್ ನೋಟಿನ ಕರಡು ಎರಡೂವರೆ ಪುಟ ಇತ್ತು. ಮೊದಲ ಸಾಲಿನಲ್ಲೇ ‘ಆರೋಗ್ಯ ಕ್ರಾಂತಿ’, ಮೂರನೆಯದರಲ್ಲಿ ‘ವಿಶ್ವದರ್ಜೆ’. ಸಾಮೆ, ನವಣೆ ಬೆಳೆಯುವ ರೈತರೇ ಸೇರಿ ಕಟ್ಟಿಕೊಂಡ ಉತ್ಪಾದಕರ ಕಂಪನಿ ಅದು. ಸ್ವಂತ ಮಿಲ್ ಹಾಕಿದ್ದಾರೆ, ಪ್ಯಾಕೆಟ್ ಮಾಡಿದ್ದಾರೆ. ಜನವರಿಯಲ್ಲಿ ಅರಮನೆ ಮೈದಾನದ ಸಿರಿಧಾನ್ಯ ಮೇಳಕ್ಕೆ ಮುಂಚೆ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡಬೇಕು ಅಂತ ನಮ್ಮ ಪ್ರಚಾರ ಏಜೆನ್ಸಿಗೆ ಬಂದಿದ್ದರು. ಕರಡನ್ನು ಪತ್ರಿಕೆಯಲ್ಲಿ ಸುದ್ದಿ ತಿದ್ದುವ, ಪರಿಚಯದ ಒಬ್ಬ ಡೆಸ್ಕಿನವರಿಗೆ ತೋರಿಸಿದರೆ, ಅವರು ಮುಖ ಎತ್ತದೆ ಹೇಳಿದರು: ‘ಜಾಹೀರಾತು ವಿಭಾಗ ಕೆಳಗಡೆ ಇದೆ ಸಾರ್.’

ತಪ್ಪೇನಿಲ್ಲ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಆಗ ನವಣೆ ಬಿಸ್ಕತ್ತು ಬಿಡುಗಡೆಯಾದರೂ ನಾಲ್ಕು ಸಾಲು ಬರುತ್ತಿತ್ತು. ಈಗ ‘ಸಿರಿಧಾನ್ಯ ಆರೋಗ್ಯಕ್ಕೆ ಒಳ್ಳೆಯದು’ ಸುದ್ದಿಯಲ್ಲ. ‘ನಂದಿನಿಯವರು ಮಾಡಿದ ಹಾಗೆ ಏನಾದರೂ ಮಾಡೋಣ’ ಎಂದು ಕಂಪನಿಯ ನಿರ್ದೇಶಕರೊಬ್ಬರು ಪಟ್ಟು ಹಿಡಿದರು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಎಂದು ಕನ್ನಡದಲ್ಲೇ ಕಂಡದ್ದು ಎಲ್ಲರಿಗೂ ನೆನಪಿದೆ. ಅಲ್ಲಿ ಪ್ರೆಸ್ ನೋಟ್ ಓದಬೇಕಾಗಿಯೇ ಇರಲಿಲ್ಲ, ಫೋಟೋನೇ ಸುದ್ದಿ. ಆದರೆ ಆ ಹೆಸರಿನ ಹಿಂದೆ ಮನೆಮನೆಗೆ ಹಾಲು ಹಾಕಿದ ದಶಕಗಳಿವೆ. ಯಾರೂ ಕೇಳದ ಹೆಸರನ್ನು ಯಾರ ಅಂಗಿಗೆ ಹಚ್ಚಿದರೂ ಅದು ಬರೀ ಅಂಗಿಯೇ.

ಕೊನೆಗೆ ನೋಟ್ ಒಂದೇ ಪುಟಕ್ಕೆ ಇಳಿಯಿತು, ಸುಮಾರು 220 ಪದ. ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ. ಅಧ್ಯಕ್ಷರ ಮಾತು ಎರಡು ಸಾಲು ಮಾತ್ರ. ಕೊನೆಯಲ್ಲಿ ಮಿಲ್ಲಿನ ಫೋನ್ ನಂಬರ್. ಜಿಲ್ಲಾ ಆವೃತ್ತಿಗಳಿಗೆ ಮೊದಲ ವಾಕ್ಯ ಬೇರೆ, ಆಯಾ ಕಡೆಯ ತಾಲ್ಲೂಕಿನ ಹೆಸರಿನಿಂದ ಶುರು. ಇಷ್ಟು ಮಾಡಿದರೆ ಡೆಸ್ಕಿನವರಿಗೆ ಕತ್ತರಿಸುವ ಕೆಲಸ ಕಮ್ಮಿಯಾಗುತ್ತದೆ. ಅವರು ಕೆಳಗಿನಿಂದ ಕತ್ತರಿಸುತ್ತಾರೆ ಎಂಬುದು ಗೊತ್ತಿದ್ದೂ ಫೋನ್ ನಂಬರ್ ಕೆಳಗೇ ಇಟ್ಟದ್ದು ಮೊದಲ ಎಡವಟ್ಟು. ಹಿಂದಿನ ರಾತ್ರಿ ಅದನ್ನು ಎರಡನೇ ಪ್ಯಾರಾಕ್ಕೆ ಎತ್ತಿದೆವು.

ಪ್ರೆಸ್‌ಮೀಟಿನ ಜಾಗ ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್, ಹೊತ್ತು ಹನ್ನೊಂದೂವರೆ. ಇದಕ್ಕಿಂತ ಬೇಗ ಇಟ್ಟರೆ ವರದಿಗಾರರು ಇನ್ನೂ ದಾರಿಯಲ್ಲಿರುತ್ತಾರೆ, ತಡ ಮಾಡಿದರೆ ಊಟದ ಹೊತ್ತು ಬಂದು ಪ್ರಶ್ನೆಗಳೇ ಇರುವುದಿಲ್ಲ. ಸೋಮವಾರ ಬೇಡ, ವಿಧಾನಮಂಡಲ ಅಧಿವೇಶನ ನಡೆಯುವ ವಾರ ಬೇಡವೇ ಬೇಡ. ಟಿವಿಯವರು ಮೈಕ್ ಇಡಲು ವೇದಿಕೆಯ ಮೇಜಿನಲ್ಲಿ ಜಾಗ ಬಿಡಬೇಕು. ಹೂಗುಚ್ಛ ಇಟ್ಟರೆ ಫ್ರೇಮಿನಲ್ಲಿ ಅಧ್ಯಕ್ಷರ ಗದ್ದ ಮುಚ್ಚಿಹೋಗುತ್ತದೆ.

ಅಧ್ಯಕ್ಷರು ನೋಟ್ ಓದಿ ಮುಗಿಸಿದಾಗ ಸಭೆ ತಣ್ಣಗಿತ್ತು. ಹಿಂದಿನ ಸಾಲಿನಿಂದ ಹಿರಿಯ ವರದಿಗಾರರೊಬ್ಬರು ಕೇಳಿದರು:

‘ನೂರು ಕೆ.ಜಿ. ಸಾಮೆ ಮಿಲ್ಲಿಗೆ ಹಾಕಿದ್ರೆ ಅಕ್ಕಿ ಎಷ್ಟು ಬರುತ್ತೆ ಯಜಮಾನ್ರೇ?’

‘ಅರವತ್ತು, ಹೆಚ್ಚಂದ್ರೆ ಅರವತ್ತೈದು. ಜೊಳ್ಳಿದ್ರೆ ಅದೂ ಇಲ್ಲ. ಉಳಿದದ್ದು ಹೊಟ್ಟು, ನುಚ್ಚು, ಧೂಳು.’

‘ಅದಕ್ಕೇನಾ ಇಷ್ಟು ರೇಟು?’

‘ಅದಕ್ಕೂ ಹೌದು. ಸಿಪ್ಪೆ ತೆಗೆದ ಮೇಲೆ ಜಾಸ್ತಿ ದಿನ ಇಟ್ಟರೆ ಕಮಟು ವಾಸನೆ ಬರುತ್ತೆ. ಹಾಗಾಗಿ ಬೇಕಾದಷ್ಟೇ ಮಿಲ್ ಮಾಡ್ಬೇಕು. ದೊಡ್ಡ ದಾಸ್ತಾನು ಇಡೋ ಹಾಗಿಲ್ಲ.’

ಪೆನ್ನುಗಳು ಓಡತೊಡಗಿದವು. ನೋಟಿನಲ್ಲಿ ಇದರ ಒಂದಕ್ಷರವೂ ಇರಲಿಲ್ಲ. ‘ಪ್ಯಾಕೆಟ್ ಯಾಕೆ ದುಬಾರಿ’ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಹೇಗೆಂದು ಹಿಂದಿನ ದಿನ ಮುಕ್ಕಾಲು ಗಂಟೆ ಚರ್ಚೆಯಾಗಿತ್ತು. ಆ ಪ್ರಶ್ನೆಯೇ ಸುದ್ದಿ ಎಂದು ಯಾರಿಗೂ ಹೊಳೆದಿರಲಿಲ್ಲ. ಹನ್ನೆರಡೂವರೆಗೆ ನೋಟಿನ ತಲೆಬರಹ ಬದಲಿಸಿ, ಅಕ್ಕಿಯ ಲೆಕ್ಕ ಮೇಲೆ ತಂದು, ಎಲ್ಲ ಆವೃತ್ತಿಗಳಿಗೂ ಮತ್ತೆ ಕಳಿಸಿದೆವು. ಜಿಲ್ಲೆಯ ಪುಟಗಳು ಬೇಗ ಮುಗಿಯುತ್ತವೆ, ಸಂಜೆಯವರೆಗೆ ಕಾಯುವಂತಿರಲಿಲ್ಲ.

ಆ ಅವಸರದಲ್ಲೇ ಎಡವಿದ್ದು. ಸಾಮಾನ್ಯವಾಗಿ ಮೂರು ಫೈಲ್ ಹೋಗಬೇಕು: ಮೊಬೈಲು, ಕಂಪ್ಯೂಟರು ಎಲ್ಲದರಲ್ಲೂ ಓದಬಹುದಾದ ಯೂನಿಕೋಡ್ ಒಂದು, ಪತ್ರಿಕೆಯ ಪುಟ ಕಟ್ಟುವವರಿಗಾಗಿ ನುಡಿ ಫಾಂಟಿನದು ಒಂದು, ಹೋಲಿಸಿ ನೋಡಲು ಪಿಡಿಎಫ್ ಒಂದು. ಅವತ್ತು ಹೋದದ್ದು ಯೂನಿಕೋಡ್ ಮಾತ್ರ. ಅದರಲ್ಲಿ ಬ್ರ್ಯಾಂಡಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿತ್ತು, ‘ಲೋಗೋದಲ್ಲಿ ಇರೋ ಹಾಗೇ ಇರಲಿ’ ಎಂಬುದು ಕ್ಲಯಂಟಿನ ಆಸೆ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ತುಣುಕುಗಳು ಕೂತಿರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ. ಯೂನಿಕೋಡನ್ನು ನುಡಿಗೆ ಬದಲಿಸಿ ಪೂರ್ತಿ ಪಠ್ಯಕ್ಕೆ ಆ ಫಾಂಟ್ ಹಾಕಿದ ಕ್ಷಣ ಇಂಗ್ಲಿಷ್ ಪದ ಅರ್ಥವಿಲ್ಲದ ಒತ್ತಕ್ಷರಗಳ ಗುಡ್ಡೆಯಾಗುತ್ತದೆ. ಉತ್ತರ ಕರ್ನಾಟಕದ ಒಂದು ಆವೃತ್ತಿಯಲ್ಲಿ ಹಾಗೇ ಅಚ್ಚಾಯಿತು. ಎರಡು ಕಾಲಂ ಸುದ್ದಿ, ಒಳ್ಳೆಯ ಜಾಗ, ಫೋಟೋ ಸಹಿತ. ಬ್ರ್ಯಾಂಡಿನ ಜಾಗದಲ್ಲಿ ಮಾತ್ರ ಬಾಯಲ್ಲಿ ಹೇಳಲಾಗದ್ದೇನೋ.

ಬೆಳಿಗ್ಗೆ ಆರಕ್ಕೆ ಇ-ಪೇಪರಿನಲ್ಲಿ ಅದನ್ನು ಕಂಡಾಗಿನ ಹೊಟ್ಟೆಯ ಸಂಕಟ ಈ ಕೆಲಸ ಮಾಡಿದವರಿಗೆ ಗೊತ್ತು. ಪತ್ರಿಕೆಯವರನ್ನು ದೂರುವ ಹಾಗಿಲ್ಲ, ಕಳಿಸಿದ್ದೇ ಹಾಗೆ. ಅಂದಿನಿಂದ ಯಾವ ಕ್ಲಯಂಟ್ ಆದರೂ ಸರಿ, ಹೆಸರು ಕನ್ನಡ ಅಕ್ಷರದಲ್ಲೇ ಹೋಗುತ್ತದೆ.

ವಾರದ ಕೊನೆಗೆ ಡಾಸಿಯರ್, ಅಂದರೆ ಅಚ್ಚಾದ ಸುದ್ದಿಗಳ ಕ್ಲಿಪ್ಪಿಂಗ್ ಜೋಡಿಸಿ ಕ್ಲಯಂಟಿಗೆ ಕೊಡುವ ವರದಿ. ನಿರ್ದೇಶಕರಿಗೆ ಬೇಕಿದ್ದದ್ದು ‘ಇಷ್ಟು ಲಕ್ಷದ ಪ್ರಚಾರ’ ಎಂಬ ಒಂದು ಅಂಕಿ: ಸುದ್ದಿಯ ಅಗಲ, ಉದ್ದ ಅಳೆದು, ಚದರ ಸೆಂಟಿಮೀಟರಿಗೆ ಜಾಹೀರಾತು ದರ ಹಾಕಿ, ‘ಸುದ್ದಿಗೆ ನಂಬಿಕೆ ಹೆಚ್ಚು’ ಅಂತ ಅದನ್ನು ಮೂರರಿಂದ ಗುಣಿಸುವುದು. ಪ್ರಚಾರದ ಫಲ ಅಳೆಯುವುದು ಹೇಗೆಂದು ಈ ವೃತ್ತಿಯವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲೇ ಈ ಲೆಕ್ಕ ಸಲ್ಲದು ಎಂದಾಗಿದೆ. ಆದರೂ ಅನೇಕ ಏಜೆನ್ಸಿಗಳ ‘ಯಶೋಗಾಥೆ’ ಇವತ್ತಿಗೂ ನಿಂತಿರುವುದು ಇದರ ಮೇಲೆಯೇ. ಅದರ ಬದಲು ಕ್ಲಿಪ್ಪಿಂಗ್ ಪಕ್ಕದಲ್ಲಿ ಮೂರು ಕಾಲಂ ಹಾಕಿದೆವು: ಅಕ್ಕಿಯ ಲೆಕ್ಕ ಬಂತೇ, ಫೋನ್ ನಂಬರ್ ಬಂತೇ, ಯಾವ ಜಿಲ್ಲೆಯಿಂದ ಎಷ್ಟು ಕರೆ. ಕರೆಗಳ ಪಟ್ಟಿಯನ್ನು ಮಿಲ್ಲಿನ ಹುಡುಗನೇ ರೂಲ್ಡ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ.

ಹೆಚ್ಚು ಕರೆ ಬಂದದ್ದು ಹೆಸರು ಕೆಟ್ಟುಹೋದ ಆ ಆವೃತ್ತಿಯ ಕಡೆಯಿಂದ. ಅಂಕಿಗಳ ಸಂಕೇತ ಯೂನಿಕೋಡ್, ನುಡಿ ಎರಡರಲ್ಲೂ ಒಂದೇ ಆದ್ದರಿಂದ ಫೋನ್ ನಂಬರ್ ಒಂದಿಷ್ಟೂ ಕೆಡದೆ ಉಳಿದಿತ್ತು. ಯಾರೂ ಬ್ರ್ಯಾಂಡ್ ಕೇಳಲಿಲ್ಲವಂತೆ. ‘ಆ ಅರವತ್ತು ಕೆ.ಜಿ. ಸಾಮೆಯವ್ರೇನ್ರೀ?’ ಅಂತಲೇ ಮಾತು ಶುರು. ಅಧ್ಯಕ್ಷರು ಆ ಕ್ಲಿಪ್ಪಿಂಗನ್ನು ಲ್ಯಾಮಿನೇಟ್ ಮಾಡಿಸಿ ಮಿಲ್ಲಿನ ತೂಕದ ಯಂತ್ರದ ಮೇಲ್ಗಡೆ ಅಂಟಿಸಿದ್ದಾರೆ, ಆ ಒತ್ತಕ್ಷರಗಳ ಗುಡ್ಡೆ ಸಮೇತ.