ಬೋರ್ಡಿನ ಮೇಲಿದ್ದ ಹನ್ನೆರಡು ನೀರು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ವಾರ್ಷಿಕೋತ್ಸವ, ಕ್ರೀಡಾಕೂಟ ಯಾವುದೂ ನನಗೆ ಹೊಳೆಯಲಿಲ್ಲ. ಹತ್ತನೇ ತರಗತಿಯಲ್ಲಿ ಕೇಳಿದ ದ್ಯುತಿಸಂಶ್ಲೇಷಣೆಯ ಪಾಠ ಹೊಳೆಯಿತು. ಅದನ್ನು ಮಾಡಿದ ಮೇಷ್ಟ್ರ ಬಗ್ಗೆ ಬರೆಯಬೇಕೆಂದರೆ ಆ ಪಾಠವನ್ನೇ ಬರೆಯಬೇಕು.

ಶಾಲೆಯ ಸುತ್ತ ಆಗಲೂ ಗದ್ದೆಯೇ. ವಿ.ಸಿ. ನಾಲೆಯ ನೀರು ಬರುವ ಕಡೆ ಭತ್ತ, ಕಬ್ಬು. ನೀರು ಹತ್ತದ ದಿಣ್ಣೆಯಲ್ಲಿ ರಾಗಿ. ನಾವೆಲ್ಲ ಬೇಸಾಯದ ಮನೆಯ ಮಕ್ಕಳು. ಗಿಡ ಯಾವುದರಿಂದ ಬೆಳೆಯುತ್ತದೆ ಎಂದು ಕೇಳಿದರೆ ಮಣ್ಣು, ಗೊಬ್ಬರ, ನೀರು ಅನ್ನುತ್ತಿದ್ದೆವು. ಮೇಷ್ಟ್ರು ಒಪ್ಪಲಿಲ್ಲ. "ಪ್ರತಿ ವರ್ಷ ಲಾರಿಗಟ್ಟಲೆ ಕಬ್ಬು ಫ್ಯಾಕ್ಟರಿಗೆ ಹೋಗ್ತದಲ್ಲಪ್ಪಾ, ಆ ತೂಕವೆಲ್ಲ ಮಣ್ಣಿಂದ ಹೋಗಿದ್ರೆ ಇಷ್ಟೊತ್ತಿಗೆ ಗದ್ದೆ ಹಳ್ಳ ಬೀಳಬೇಕಿತ್ತಲ್ವಾ?" ಅಂದರು. ಯಾರೂ ಮಾತಾಡಲಿಲ್ಲ.

ಆಮೇಲೆ ವಾನ್ ಹೆಲ್ಮಾಂಟ್ ಕಥೆ ಹೇಳಿದರು. ಈಗಿನ ಬೆಲ್ಜಿಯಂನವನು. ತೂಕ ಮಾಡಿದ ಒಣ ಮಣ್ಣು ತುಂಬಿದ ಕುಂಡದಲ್ಲಿ ಒಂದು ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಸುಮಾರು ಎರಡೂಕಾಲು ಕಿಲೋ ಇದ್ದ ಸಸಿ 76 ಕಿಲೋ ದಾಟಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು 60 ಗ್ರಾಂ ಕೂಡ ಇಲ್ಲ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಇದು ಅಚ್ಚಾಯಿತು. ಮರದ ಒಣ ತೂಕದ ಬಹುಭಾಗ ಗಾಳಿಯಿಂದ, ಅದರಲ್ಲಿ ಅತಿ ಸ್ವಲ್ಪವೇ ಇರುವ ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆ ಎಂದು ಗೊತ್ತಾಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಮೇಷ್ಟ್ರ ರೀತಿಯೇ ಹಾಗೆ. ಯಾವ ವಸ್ತು ತೋರಿಸಿದರೂ "ಇದು ಎಲ್ಲಿಂದ ಬಂತು?" ಅಂತಲೇ ಶುರು ಮಾಡುತ್ತಿದ್ದರು.

ಲ್ಯಾಬ್ ಚಿಕ್ಕದು, ಸಾಮಾನು ಕಡಿಮೆ. ಆದರೂ ಪ್ರಯೋಗ ಒಂದನ್ನೂ ಬಿಡಲಿಲ್ಲ. ಬಿಳಿ ಮಚ್ಚೆ ಇರುವ ಮನಿಪ್ಲಾಂಟನ್ನು ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಬಿಸಿಲಿಗಿಟ್ಟರು. ಎಲೆ ಕಿತ್ತು, ಅದರ ಹಸಿರು ಭಾಗ ಎಲ್ಲೆಲ್ಲಿದೆ ಎಂದು ಕಾಗದದ ಮೇಲೆ ಬರೆದುಕೊಳ್ಳಲು ಹೇಳಿದರು. ಎಲೆಯನ್ನು ನೀರಲ್ಲಿ ಕುದಿಸಿ, ಸ್ಪಿರಿಟ್ ಇದ್ದ ಪ್ರನಾಳಕ್ಕೆ ಹಾಕಿ, ಅದನ್ನು ಬಿಸಿನೀರಿನ ಬೀಕರಿನಲ್ಲಿಟ್ಟರು. ಹಸಿರು ಬಿಟ್ಟು ಎಲೆ ಬಿಳಿಚಿಕೊಂಡಿತು. ತೊಳೆದು ಅಯೋಡಿನ್ ಬಿಟ್ಟಾಗ ಮೊದಲು ಹಸಿರಿದ್ದ ಜಾಗ ಮಾತ್ರ, ಪಿಷ್ಟ ಇರುವುದಕ್ಕೆ ಗುರುತಾಗಿ, ಕಡುನೀಲಿಗೆ ತಿರುಗಿತು. ಬಿಳಿ ಮಚ್ಚೆಯಲ್ಲಿ ಬರೀ ಅಯೋಡಿನ್ನಿನ ಕಂದು. ನಾವು ಬರೆದಿಟ್ಟ ಚಿತ್ರವೇ ಎಲೆಯ ಮೇಲೆ ಮೂಡಿತ್ತು. ಪತ್ರಹರಿತ್ತು ಇದ್ದಲ್ಲೇ ಪಿಷ್ಟ ಅನ್ನುವುದನ್ನು ಆಮೇಲೆ ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಮುಂದಿನದು ಕೆರೆಯಿಂದ ತಂದ ಹೈಡ್ರಿಲ್ಲ. ಬೀಕರಿನ ನೀರಲ್ಲಿ ಗಿಡ, ಅದರ ಮೇಲೆ ಗಾಜಿನ ಆಲಿಕೆ, ಆಲಿಕೆಯ ಮೇಲೆ ನೀರು ತುಂಬಿ ಬೋರಲು ಹಾಕಿದ ಪ್ರನಾಳ. ಕಿಟಕಿಯ ಬಿಸಿಲಿಗಿಟ್ಟರೆ ಗುಳ್ಳೆ ಏಳುತ್ತದೆ, ನೆರಳಿಗೆ ತಂದರೆ ನಿಧಾನವಾಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮತ್ತೆ ಚುರುಕು. ಸೇರಿದ ಅನಿಲಕ್ಕೆ ಕೆಂಡದ ತುದಿಯ ಕಡ್ಡಿ ಹಿಡಿದಾಗ ಅದು ಹೊತ್ತಿಕೊಂಡಿತು. "ಆಮ್ಲಜನಕ ಸಾರ್" ಎಂದು ಎಲ್ಲರೂ ಕೂಗಿದೆವು. "ಸರಿ. ಎಲ್ಲಿಂದ ಬಂತು?"

ಅಲ್ಲೇ ಇಡೀ ಪಾಠದ ಜೀವ ಇತ್ತು. ಅವರು ಬೋರ್ಡಿನ ಮೇಲೆ ಸಮೀಕರಣ ಬರೆದರು. ಎಡಗಡೆ ಇಂಗಾಲದ ಡೈಆಕ್ಸೈಡ್ ಆರು ಅಣು, ನೀರು ಹನ್ನೆರಡು. ಬಲಗಡೆ ಗ್ಲೂಕೋಸ್ ಒಂದು, ಆಮ್ಲಜನಕ ಆರು, ಮತ್ತೆ ನೀರು ಆರು. ನಮ್ಮ ಪುಸ್ತಕದಲ್ಲಿ ಎಡಗಡೆ ಆರೇ ನೀರು, ಬಲಗಡೆ ನೀರೇ ಇಲ್ಲ. ಗೆಳತಿಯೊಬ್ಬಳು ಎದ್ದು ನಿಂತು, "ಸಾರ್, ಎರಡೂ ಕಡೆ ನೀರಿದೆ. ಆರಾರು ಕಳೆದುಬಿಡಬಹುದಲ್ವಾ?" ಅಂದಳು. "ಲೆಕ್ಕದಲ್ಲಿ ಕಳೀಬಹುದು ಕಣಮ್ಮಾ. ಇಲ್ಲಿ ಕಳೆದ್ರೆ ವಿಷಯವೇ ಹೋಗ್ತದೆ" ಅಂದರು. ಬೋರ್ಡನ್ನು ಒರೆಸಲಿಲ್ಲ. ಪರಮಾಣು ಎಣಿಸಿ ಅಂದರು.

ಎಣಿಸಿದೆವು. ಹೊರಬರುವ ಆಮ್ಲಜನಕದಲ್ಲಿ 12 ಪರಮಾಣು. ಆರು ಇಂಗಾಲದ ಡೈಆಕ್ಸೈಡಿನಲ್ಲೂ ಸರಿಯಾಗಿ 12. ಹಾಗಾದರೆ ಅದೇ ಒಡೆದು ಆಮ್ಲಜನಕ ಬಂದಿರಬೇಕು ಅನಿಸುತ್ತದೆ. ವಿಜ್ಞಾನಿಗಳೂ ಬಹಳ ಕಾಲ ಹಾಗೇ ನಂಬಿದ್ದರು. ಅದನ್ನು ಅಲುಗಾಡಿಸಿದ್ದು ಕೆಲವು ಬ್ಯಾಕ್ಟೀರಿಯಾ. ಅವುಗಳಿಗೂ ಬೆಳಕು ಬೇಕು, ಇಂಗಾಲದ ಡೈಆಕ್ಸೈಡ್ ಬೇಕು. ಆದರೆ ನೀರಿನ ಬದಲು ಅವು ಜಲಜನಕದ ಸಲ್ಫೈಡ್ ಬಳಸುತ್ತವೆ. ಕೊನೆಗೆ ಉಳಿಯುವುದು ಗಂಧಕ, ಆಮ್ಲಜನಕ ಅಲ್ಲ. ಇಂಗಾಲದ ಡೈಆಕ್ಸೈಡ್ ಒಡೆಯುವುದೇ ನಿಜವಾದರೆ ಇಲ್ಲೂ ಆಮ್ಲಜನಕ ಬರಬೇಕಿತ್ತು. ಅಲ್ಲಿ ಸಲ್ಫೈಡ್ ಒಡೆಯುತ್ತದೆ ಎಂದಾದರೆ ಹಸಿರು ಗಿಡದಲ್ಲಿ ಒಡೆಯುವುದು ನೀರೇ ಎಂದು ಕ್ಯಾಲಿಫೋರ್ನಿಯಾದಲ್ಲಿದ್ದ ವಾನ್ ನೀಲ್ 1930ರ ದಶಕದಲ್ಲಿ ವಾದಿಸಿದ. ಇಷ್ಟು ಸರಳವಾದ, ಇಷ್ಟು ಚೆಂದದ ತರ್ಕವನ್ನು ನಾನು ವಿಜ್ಞಾನದಲ್ಲಿ ಕಂಡದ್ದು ಕಡಿಮೆ.

ಸಾಕ್ಷಿ ಸಿಕ್ಕಿದ್ದು 1941ರಲ್ಲಿ. ಬರ್ಕ್ಲಿಯಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಜೊತೆಗಾರರು ಕ್ಲೋರೆಲ್ಲಾ ಪಾಚಿಗೆ ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18, ಜಾಸ್ತಿ ಇರುವ ನೀರು ಕೊಟ್ಟರು. ಆ ಭಾರದ ಆಮ್ಲಜನಕ ಗುಳ್ಳೆಯಲ್ಲಿ ಸಿಕ್ಕಿತು. ಅದನ್ನೇ ಇಂಗಾಲದ ಡೈಆಕ್ಸೈಡಿನ ಕಡೆಯಿಂದ ಕೊಟ್ಟಾಗ ಗುಳ್ಳೆಯಲ್ಲಿ ಕಾಣಲಿಲ್ಲ. ರೂಬೆನ್ 1943ರಲ್ಲಿ ಲ್ಯಾಬಿನ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 29 ವರ್ಷ.

ಈಗ ಹನ್ನೆರಡು ನೀರಿನ ಲೆಕ್ಕ ನೋಡಿ. 12 ಆಮ್ಲಜನಕ ಪರಮಾಣು ನೀರಿನಿಂದಲೇ ಬರಬೇಕೆಂದರೆ ನೀರು ಹನ್ನೆರಡು ಬೇಕೇ ಬೇಕು. ಇಂಗಾಲದ ಡೈಆಕ್ಸೈಡಿನ ಆಮ್ಲಜನಕದಲ್ಲಿ ಅರ್ಧ ಗ್ಲೂಕೋಸಿಗೆ ಹೋಗುತ್ತದೆ, ಉಳಿದರ್ಧ ಹೊಸ ನೀರಾಗುತ್ತದೆ. ಬಲಗಡೆಯ ಆರು ನೀರು ಎಡಗಡೆಯ ನೀರಲ್ಲ. ಕಳೆಯಬೇಡಿ ಅಂದದ್ದು ಅದಕ್ಕೇ.

ಒಳಗೆ ನಡೆಯುವುದು ಎರಡು ಕೆಲಸ. ಎಲೆಯ ಕೋಶದೊಳಗಿನ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನ ಪೊರೆಗಳಲ್ಲಿರುವ ಪತ್ರಹರಿತ್ತು ಕೆಂಪು, ನೀಲಿ ಬೆಳಕನ್ನು ಜಾಸ್ತಿ ಹೀರುತ್ತದೆ. ಆ ಶಕ್ತಿಗೆ ಅದರಿಂದ ಎಲೆಕ್ಟ್ರಾನ್ ಹೊರಡುತ್ತದೆ. ಖಾಲಿಯಾದ ಜಾಗವನ್ನು ತುಂಬಲು ನೀರು ಒಡೆಯುತ್ತದೆ. ಒಡೆಯುವ ಜಾಗದಲ್ಲಿ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರುವ ಪುಟ್ಟ ಗೊಂಚಲು ಇದೆ. ಆಮ್ಲಜನಕ ಹೊರಗೆ ಹೋಗುತ್ತದೆ, ಶಕ್ತಿಯನ್ನು ಹೊತ್ತೊಯ್ಯುವ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಅಣುಗಳು ತಯಾರಾಗುತ್ತವೆ. ಇವನ್ನು ಖರ್ಚು ಮಾಡಿ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಕಟ್ಟುವುದು ಎರಡನೆಯ ಕೆಲಸ. ಆ ದಾರಿಯನ್ನು ವಿಕಿರಣಶೀಲ ಇಂಗಾಲ-14 ಬಳಸಿ ಕ್ಯಾಲ್ವಿನ್, ಬೆನ್ಸನ್, ಬ್ಯಾಶಮ್ ಬಿಡಿಸಿದರು. 1961ರ ನೊಬೆಲ್ ಕ್ಯಾಲ್ವಿನ್‌ಗೆ ಒಬ್ಬನಿಗೇ ಬಂತು. ಬೆನ್ಸನ್‌ಗೂ ಬರಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದ್ದರು. ಉಳಿದದ್ದು ನನಗೆ ಕೃಷಿ ಕಾಲೇಜಿನಲ್ಲಿ ಸಿಕ್ಕಿತು, ಅದೂ ನಮ್ಮ ಊರಿನ ಬೆಳೆಗಳಲ್ಲೇ. ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವ ಒಮ್ಮೊಮ್ಮೆ ಅದರ ಬದಲು ಆಮ್ಲಜನಕವನ್ನು ಹಿಡಿಯುತ್ತದೆ. ಬಿಸಿಲು ಏರಿದಷ್ಟೂ ಇದು ಜಾಸ್ತಿ. ಭತ್ತ ಈ ನಷ್ಟವನ್ನು ಹೊರಬೇಕು. ಕಬ್ಬು, ರಾಗಿ, ಜೋಳ ಇದನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತವೆ. ಅವುಗಳ ಎಲೆಯಲ್ಲಿ ಹೊರಸುತ್ತಿನ ಕೋಶಗಳು ಇಂಗಾಲದ ಡೈಆಕ್ಸೈಡನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ಏತದಲ್ಲಿ ನೀರೆತ್ತಿ ಮೇಲಿನ ಮಡಿಗೆ ಸುರಿದ ಹಾಗೆ, ನರದ ಸುತ್ತಲಿನ ಕೋಶಗಳಿಗೆ ಸುರಿಯುತ್ತವೆ. ಅಲ್ಲಿ ರುಬಿಸ್ಕೋಗೆ ಅದು ಯಥೇಚ್ಛ ಸಿಗುತ್ತದೆ. ಇದಕ್ಕೆ ಸಿ4 ಎಂದು ಹೆಸರು. 1966ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಇದನ್ನು ವಿವರಿಸಿದ್ದು ಕಬ್ಬಿನ ಎಲೆಯಿಂದಲೇ.

ರಜೆಗೆ ಬಂದಾಗ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. ಆಗ ಅವರು ನಿವೃತ್ತರಾಗಿದ್ದರು. ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಭತ್ತಕ್ಕೂ ಆ ಏರ್ಪಾಡು ಮಾಡಕ್ಕಾಗಲ್ವೇನಪ್ಪಾ?" ಅಂದರು. ಬೇರೆ ಬೇರೆ ದೇಶದ ವಿಜ್ಞಾನಿಗಳು ಸೇರಿ ಹಲವು ವರ್ಷಗಳಿಂದ ಅದನ್ನೇ ಪ್ರಯತ್ನಿಸುತ್ತಿದ್ದಾರೆ. ಬರೀ ಕಿಣ್ವ ಬದಲಿಸಿದರೆ ಸಾಲದು, ಎಲೆಯ ಒಳರಚನೆಯೇ ಬದಲಾಗಬೇಕು. ಅದೇ ಕಷ್ಟ.

ಈಗ ಅದೇ ಲ್ಯಾಬಿನಲ್ಲಿ ಕೂರುವ ತಮ್ಮಂದಿರು, ತಂಗಿಯರು ಒಂದು ಕೆಲಸ ಮಾಡಿ. ರಾಗಿ ಎಲೆಯಿಂದ ಒಂದು, ಭತ್ತದ ಎಲೆಯಿಂದ ಒಂದು ತೆಳುವಾದ ಅಡ್ಡಸೀಳು ತೆಗೆದು, ಸೂಕ್ಷ್ಮದರ್ಶಕದಲ್ಲಿ ಒಂದಾದ ಮೇಲೊಂದು ನೋಡಿ. ರಾಗಿಯಲ್ಲಿ ನರಗಳು ಹತ್ತಿರ ಹತ್ತಿರ ಇರುತ್ತವೆ, ಪ್ರತಿ ನರದ ಸುತ್ತಲೂ ದಪ್ಪನೆಯ ಹಸಿರು ಕೋಶಗಳ ಬಳೆ ಇರುತ್ತದೆ. ಭತ್ತದಲ್ಲಿ ನರಗಳು ದೂರ ದೂರ. ಸುತ್ತಲಿನ ಕೋಶಗಳಲ್ಲಿ ಹಸಿರು ತೀರಾ ಕಡಿಮೆ.